ಬಲಗೈಗೆ ಪ್ಲಾಸ್ಟರ್, ಎದುರಿಗೆ ಮಾರ್ಚ್ ಲೆಕ್ಕ: ಎಡಗೈಯಲ್ಲಿ ನುಡಿ ಟೈಪಿಂಗ್ ಹೇಗೆ, ಸೈಕಲ್ ಮತ್ತೆ ಯಾವಾಗ?

ಗುಮ್ಮಟದೂರ ಸವಾರ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಎಡಗೈ ಹೆಬ್ಬೆರಳಿನಲ್ಲಿ ಮೊಬೈಲ್ ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನನಗೆ 34 ವರ್ಷ. ಇಲ್ಲಿನ ಒಂದು ಪತ್ತಿನ ಸಂಘದಲ್ಲಿ ಕಂಪ್ಯೂಟರ್ ಕೆಲಸ. ಸದಸ್ಯರಿಗೆ ಹೋಗುವ ನೋಟಿಸು, ಸಭೆಯ ನಡಾವಳಿ ಎಲ್ಲ ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ, ಸಾಲ ಠೇವಣಿ ಲೆಕ್ಕ ಎಕ್ಸೆಲ್‌ನಲ್ಲಿ. ವಾರಕ್ಕೆ ಆರು ದಿನ ಕುರ್ಚಿ. ರವಿವಾರ ಮಾತ್ರ ನನ್ನದು, ಆವತ್ತು ಸೈಕಲ್. ಆರು ವರ್ಷದಿಂದ ಹೀಗೇ ನಡೆದಿದೆ. ರೇಸ್ ಓಡಿಸುವವನಲ್ಲ, ಆದರೆ ಮುಂಜಾನೆ ಐದೂವರೆಗೆ ಗೋಳಗುಮ್ಮಟದ ಮುಂದೆ ಹಾಯ್ದು, ಊರು ದಾಟಿ, ಎರಿ (ಕಪ್ಪು ಮಣ್ಣಿನ) ಹೊಲಗಳ ನಡುವಿನ ನೆಟ್ಟಗಿನ ರಸ್ತೆಗೆ ಬಿದ್ದೆ ಅಂದರೆ ಆ ವಾರದ ದಣಿವೆಲ್ಲ ಇಳಿದು ಹೋಗುತ್ತದೆ. ಈ ಸಲ 200 ಕಿಲೋಮೀಟರ್ ಬ್ರೆವೆ (ರೇಸ್ ಅಲ್ಲ, ಗೊತ್ತುಮಾಡಿದ ಸಮಯದೊಳಗೆ ಮುಗಿಸುವ ದೂರದ ಸೈಕಲ್ ಸವಾರಿ) ಮುಗಿಸಬೇಕು ಅಂತ ತಯಾರಿ ನಡೆಸಿದ್ದೆ. 13.5 ತಾಸಿನೊಳಗೆ ಮುಗಿಸಬೇಕು. 150ರ ತನಕ ಮುಟ್ಟಿದ್ದೆ.

ಎಳ್ಳಮಾವಾಸ್ಯೆಯ ಹಿಂದಿನ ರವಿವಾರ ಬಬಲೇಶ್ವರ ರಸ್ತೆಯಲ್ಲಿ ಬಿದ್ದೆ. ತೊಗರಿ ರಾಶಿಯ ದಿನಗಳು, ನಿಮಗೆ ಗೊತ್ತಲ್ಲ. ಗಾಡಿ ಗಾಲಿಗೆ ಸಿಕ್ಕು ಕಾಳು ಉದುರಲಿ ಅಂತ ತೊಗರಿ ಕಟ್ಟಿಗೆಯನ್ನು ರಸ್ತೆಗೆ ಹಾಸಿದ್ದರು. ಇಬ್ಬನಿಗೆ ತೊಯ್ದಿತ್ತು. ದೂರದಿಂದ ಕಾಣಲಿಲ್ಲ. ಹತ್ತಿರ ಬಂದಾಗ ಗಾಬರಿಯಲ್ಲಿ ಅದರ ಮೇಲೇ ಬ್ರೇಕ್ ಹಿಡಿದೆ, ಮುಂದಿನ ಗಾಲಿ ಪಕ್ಕಕ್ಕೆ ಜಾರಿತು, ಬಲಗೈ ಚಾಚಿ ನೆಲಕ್ಕೆ ಊರಿದೆ. ಹೊಲದವರು ಗಂಡ ಹೆಂಡತಿ ಓಡಿ ಬಂದು ಎಬ್ಬಿಸಿ, ನೀರು ಕೊಟ್ಟು, ಸೈಕಲ್ ಸಮೇತ ಟಂಟಂ ಹತ್ತಿಸಿ ಕಳಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಸಿದೆ. ಎಲುಬು ಸರಿ ಇದೆ, ಉಳುಕಿದೆ ಅಷ್ಟೇ ಅಂದರು, ಕ್ರೇಪ್ ಪಟ್ಟಿ ಸುತ್ತಿದರು, ಮಾತ್ರೆ ಕೊಟ್ಟರು. ಮರುದಿನವೇ ಕೆಲಸಕ್ಕೆ ಹೋದೆ. 16 ದಿನ ಅದೇ ಕೈಯಲ್ಲಿ ಮೌಸ್ ಹಿಡಿದೆ. ಬಾವು ಇಳಿಯಿತು, ಆದರೆ ಹೆಬ್ಬೆರಳಿನ ಬುಡದಲ್ಲಿ ಒಂದು ಕಡೆ ನೋವು ಹೋಗಲೇ ಇಲ್ಲ. ಬಾಟಲಿ ಮುಚ್ಚಳ ತಿರುಗಿಸಲು ಬರದು, ಗಾಡಿ ಕೀಲಿ ತಿರುಗಿಸಲು ಬರದು. ಕಡೆಗೆ ಬೇರೆ ಎಲುಬಿನ ಡಾಕ್ಟರ್ ಹತ್ತಿರ ಹೋದೆ. ಅವರು ಆ ಜಾಗವನ್ನೇ ಬೆರಳಲ್ಲಿ ಒತ್ತಿ ನೋಡಿ ಮತ್ತೆ ಎಕ್ಸ್‌ರೇ ಮಾಡಿಸಿದರು. ಸ್ಕ್ಯಾಫಾಯ್ಡ್ ಅನ್ನೋ ಎಲುಬು ನಡುವಿನಲ್ಲೇ ಸೀಳಿದೆ, ಸದ್ಯ ಜರುಗಿಲ್ಲ. ಮೊಣಕೈ ಕೆಳಗಿನಿಂದ ಹೆಬ್ಬೆರಳ ತನಕ ಪ್ಲಾಸ್ಟರ್ ಹಾಕಿದ್ದಾರೆ. 8ರಿಂದ 12 ವಾರ ಅಂದಿದ್ದಾರೆ. ಹಾಕಿ ಇವತ್ತಿಗೆ ಒಂದು ವಾರ ಆಯಿತು. ಸಿದ್ಧೇಶ್ವರ ಜಾತ್ರೆಗೂ ಕೊರಳಿಗೆ ಕೈ ಜೋತು ಹಾಕಿಕೊಂಡೇ ಹೋಗಿ ಬಂದೆ.

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯಬೇಕು. ಸಂಘದಲ್ಲಿ ಈ ಕೆಲಸ ಬಲ್ಲವನು ನಾನೊಬ್ಬನೇ, ರಜೆ ಕೇಳಲು ಮನಸ್ಸು ಬರುವುದಿಲ್ಲ. ಎಡಗೈಯೊಂದರಲ್ಲೇ ನುಡಿ ಟೈಪ್ ಮಾಡಿದವರು ಯಾರಾದರೂ ಇದ್ದೀರಾ? ಶಿಫ್ಟ್ ಒತ್ತಿ ಅಕ್ಷರ ಒತ್ತುವುದೇ ಆಗುತ್ತಿಲ್ಲ. ಪ್ಲಾಸ್ಟರ್ ಕೈಯ ಬೆರಳಿನಿಂದ ಮೌಸ್ ಹಿಡಿದರೆ ಎಲುಬಿಗೆ ತೊಂದರೆಯಾ? ಮತ್ತೆ ಸೈಕಲ್. ಮನೆಯಲ್ಲಿ ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಹಿಡಿದಿಡುವ ಸ್ಟ್ಯಾಂಡ್) ಮೇಲೆ ಕೂತು ತುಳಿಯಬಹುದಾ? ರಸ್ತೆಗೆ ಯಾವಾಗ ಇಳಿಯಬಹುದು?

ಕೀಲಿಮಣೆ ಅಕ್ಕ, ಬಾಗಲಕೋಟೆ

ತಮ್ಮಾ, ಮೊದಲು ಧೈರ್ಯ ತಂದುಕೋ. ನನಗೆ ಎರಡು ವರ್ಷದ ಹಿಂದೆ ಬಲ ಭುಜದ ಆಪರೇಷನ್ ಆಗಿತ್ತು. ಎರಡು ತಿಂಗಳು ಎಡಗೈಯಲ್ಲೇ ಕಚೇರಿ ಕೆಲಸ ಮಾಡಿದ್ದೇನೆ. ಮೊದಲ ನಾಲ್ಕು ದಿನ ಅಳು ಬಂತು. ಎರಡನೇ ವಾರಕ್ಕೆ ಕೈ ತಾನೇ ಹಾದಿ ಹಿಡಿಯಿತು.

ನಿನ್ನ ದೊಡ್ಡ ತೊಂದರೆ ಶಿಫ್ಟ್. ನುಡಿಯಲ್ಲಿ ದೀರ್ಘ, ಮಹಾಪ್ರಾಣ, ಣ, ಳ, ಶ, ಅಕ್ಷರದ ಮುಂದಿನ ಸೊನ್ನೆ (ಅನುಸ್ವಾರ) ಎಲ್ಲದಕ್ಕೂ ಶಿಫ್ಟ್ ಬೇಕು. ಇಂಗ್ಲಿಷ್ ಟೈಪ್ ಮಾಡುವವರಿಗೆ ಸಾಲಿಗೊಮ್ಮೆ ಬಂದರೆ ನಮಗೆ ಪ್ರತಿ ಪದಕ್ಕೂ ಬರುತ್ತದೆ. ಇದಕ್ಕೆ ವಿಂಡೋಸ್‌ನಲ್ಲೇ ಉಪಾಯ ಇದೆ. ಶಿಫ್ಟ್ ಕೀಲಿಯನ್ನು ಸತತ ಐದು ಸಲ ಒತ್ತು. ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ, ಹೌದು ಅನ್ನು. ಆಮೇಲೆ ಶಿಫ್ಟ್ ಒಮ್ಮೆ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೆ ಸಾಕು, ಎರಡನ್ನೂ ಕೂಡಿ ಹಿಡಿಯಬೇಕಿಲ್ಲ. ಕಂಟ್ರೋಲ್, ಆಲ್ಟ್ ಎಲ್ಲಕ್ಕೂ ಹೀಗೇ. ಒಂದು ಎಚ್ಚರ: ಅದರ ಸೆಟ್ಟಿಂಗ್‌ನಲ್ಲಿ, ಎರಡು ಕೀಲಿ ಒಟ್ಟಿಗೆ ಒತ್ತಿದರೆ ಇದನ್ನು ಬಂದ್ ಮಾಡು ಅನ್ನೋ ಒಂದು ಸಾಲು ಇರುತ್ತದೆ. ಅದರ ಟಿಕ್ ತೆಗೆದುಬಿಡು. ಇಲ್ಲದಿದ್ದರೆ ಬೆರಳು ತಪ್ಪಿ ಬಿದ್ದಾಗಲೆಲ್ಲ ಅದು ಆರಿ ಹೋಗಿ ನಿನಗೆ ತಲೆ ಕೆಡುತ್ತದೆ. ನನಗೆ ಒಂದು ವಾರ ಇದೇ ಆಗುತ್ತಿತ್ತು, ಯಾಕೆ ಅಂತ ತಿಳಿಯಲೇ ಇಲ್ಲ.

ಒಂದು ಒಳ್ಳೆಯ ಸುದ್ದಿಯೂ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುವ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಬೇಕಾದ ಎಫ್ ಎಡಗೈ ತೋರುಬೆರಳಿನ ಕೆಳಗೇ ಇದೆ. ಅ, ಸ, ದ, ತ, ರ, ಟ, ಡ, ಚ, ವ ಎಲ್ಲ ಎಡಭಾಗದಲ್ಲೇ. ಕೀಬೋರ್ಡನ್ನು ನಾಲ್ಕು ಬೆರಳು ಎಡಕ್ಕೆ ಜರುಗಿಸಿ ಇಟ್ಟುಕೋ, ಆಗ ಕೈ ಕೀಬೋರ್ಡಿನ ನಡುವಿಗೆ ಬರುತ್ತದೆ, ಬಲಗಡೆಯ ಅಕ್ಷರಕ್ಕೆ ಮೈ ತಿರುಚಬೇಕಿಲ್ಲ. ಟೈಪಿಂಗ್ ಕ್ಲಾಸಿನಲ್ಲಿ ಕಲಿಸಿದ ಬೆರಳ ನಿಯಮ ಸದ್ಯಕ್ಕೆ ಮರೆತುಬಿಡು. ನಾನು ಇಳಕಲ್‌ನಲ್ಲಿ ಕೈ ಮಷೀನ್ ಮೇಲೆ ಕಲಿತವಳು, ಬೆರಳು ತಪ್ಪಿದರೆ ಸರ್ ಬೈಯುತ್ತಿದ್ದರು, ಅದನ್ನು ಬಿಡಲು ನನಗೇ ಕಷ್ಟ ಆಯಿತು.

ಉದ್ದದ ನೋಟಿಸುಗಳಿಗೆ ಬಾಯಿ ಬಳಸು. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ಟೂಲ್ಸ್‌ನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ ಕನ್ನಡ ಆರಿಸು. ನಿಧಾನಕ್ಕೆ, ಬಿಡಿಸಿ ಹೇಳಿದರೆ ಚೆನ್ನಾಗಿ ಬರೆಯುತ್ತದೆ. ಮುಂಜಾನೆ ಕಚೇರಿ ತುಂಬುವ ಮೊದಲೇ ಹೇಳಿ ಮುಗಿಸು, ಫ್ಯಾನ್ ಸದ್ದಿಗೂ ಅದು ತಪ್ಪುತ್ತದೆ. ಊರ ಹೆಸರು, ಅಂಕಿ ಇವನ್ನು ಕೈಯಿಂದಲೇ ತಿದ್ದು. ಅಲ್ಲಿ ಬರುವುದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ. ನಿಮ್ಮ ಕಚೇರಿಯ ಹಳೆಯ ಕಡತ ನುಡಿ ಫಾಂಟಿನಲ್ಲಿದ್ದರೆ ನುಡಿಯ ಜೊತೆ ಬರುವ ಪರಿವರ್ತಕದಲ್ಲಿ ಹಾಕಿ ಬದಲಿಸಿಕೋ. ಆದರೆ ಸದಸ್ಯರ ಹೆಸರು, ಖಾತೆ ನಂಬರು, ಸಾಲದ ಬಾಕಿ ಇವನ್ನು ಮಾತ್ರ ಇಂಟರ್ನೆಟ್ಟಿಗೆ ಹೇಳಬೇಡ. ಆ ಜಾಗ ಖಾಲಿ ಬಿಟ್ಟು, ಆಮೇಲೆ ನಿನ್ನ ಕಂಪ್ಯೂಟರಿನಲ್ಲೇ ತುಂಬು.

ಎಕ್ಸೆಲ್‌ಗೆ ಒಂದೇ ಒಂದು ವಸ್ತು ಕೊಂಡುಕೋ. ಯುಎಸ್‌ಬಿ ನಂಬರ್ ಪ್ಯಾಡ್, ಬರೀ ಅಂಕಿ ಇರುವ ಚಿಕ್ಕ ಕೀಬೋರ್ಡು. ಕೆಲವೇ ನೂರು ರೂಪಾಯಿ. ಅದನ್ನು ಎಡಗಡೆ ಇಡು. ಅದರಲ್ಲೇ ಎಂಟರ್ ಕೂಡ ಇರುತ್ತದೆ, ಹಾಗಾಗಿ ಅಂಕಿ ಹೊಡೆಯುತ್ತಾ ಕೆಳಗಿಳಿಯುತ್ತಾ ಹೋಗಬಹುದು, ಕೈ ಎತ್ತಬೇಕಿಲ್ಲ. ಒಂದೇ ಅಂಕಿ ಕೆಳಗಿನ ಸಾಲಿಗೂ ಬೇಕಿದ್ದರೆ ಕಂಟ್ರೋಲ್ ಡಿ. ಇವತ್ತಿನ ತಾರೀಖಿಗೆ ಕಂಟ್ರೋಲ್ ಜೊತೆ ಸೆಮಿಕೋಲನ್. ಪದೇ ಪದೇ ಬರುವ ಪದಗಳಿಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಪಟ್ಟಿ ಮಾಡಿಟ್ಟುಕೋ, ಆರಿಸಿದರೆ ಸಾಕು. ಇದಕ್ಕೆ ಒಂದು ದಿನ ಹೋಗುತ್ತದೆ, ಆದರೆ ಮಾರ್ಚ್ ತನಕ ಉಳಿತಾಯ.

ಮೌಸ್ ಎಡಕ್ಕೆ ಇಟ್ಟು ಸೆಟ್ಟಿಂಗ್‌ನಲ್ಲಿ ಗುಂಡಿ ಅದಲು ಬದಲು ಮಾಡು, ಆಗ ತೋರುಬೆರಳೇ ಕ್ಲಿಕ್ ಮಾಡುತ್ತದೆ. ಹಾಜರಿ ಮಷೀನ್‌ಗೆ ಬಲ ಹೆಬ್ಬೆರಳು ಕೊಟ್ಟಿದ್ದರೆ ಎಡಗೈ ಬೆರಳನ್ನೂ ಈಗಲೇ ಸೇರಿಸಿಸಿಕೋ. ಸಹಿಯ ವಿಷಯ ಕೂಡ ಮರೆಯಬೇಡ. ನಿನ್ನ ಸಹಿ ಬದಲಾಗಿ ಕಾಣುತ್ತದೆ, ಆದ್ದರಿಂದ ಇಷ್ಟು ದಿನ ನನ್ನ ಬದಲು ಇಂಥವರು ಸಹಿ ಮಾಡಲಿ ಅಂತ ಕಾರ್ಯದರ್ಶಿಗೆ ಒಂದು ಅರ್ಜಿ ಬರೆದು ಕೊಟ್ಟುಬಿಡು. ಆಡಿಟ್ ಬಂದಾಗ ಇದು ನಿನ್ನನ್ನು ಕಾಯುತ್ತದೆ.

ಎರಿಹೊಲ, ಬಸವನ ಬಾಗೇವಾಡಿ

ಅಣ್ಣಾ, 12 ವಾರ ಅಂದರೆ ಬಹಳ ಆಯಿತು. ನಮ್ಮ ಕಾಕಾ ಎತ್ತಿನ ಗಾಡಿಯಿಂದ ಬಿದ್ದು ಕೈ ಮುರಿದಾಗ ಹಳ್ಳಿಯಲ್ಲಿ ಎಲುಬು ಕಟ್ಟುವವರ ಹತ್ತಿರ ಬಿದಿರು ದಬ್ಬೆ ಕಟ್ಟಿಸಿದ್ದರು. ತಿಂಗಳೊಪ್ಪತ್ತಿನಲ್ಲಿ ಹೊಲಕ್ಕೆ ಇಳಿದರು. ಪ್ಲಾಸ್ಟರ್ ತೆಗೆಸಿ ಒಮ್ಮೆ ಅಲ್ಲಿ ತೋರಿಸಿ. ಒಳ್ಳೆಯದಾಗಲಿ ಅಂತ ಹೇಳುತ್ತಿದ್ದೇನೆ.

ನವನಗರ ಫಿಸಿಯೋ, ಬಾಗಲಕೋಟೆ

ಎರಿಹೊಲ ಅವರೇ, ನಿಮ್ಮ ಕಾಕಾ ಗುಣವಾದದ್ದು ಸಂತೋಷ. ಮುಂಗೈಯ ಉದ್ದ ಎಲುಬು ಮುರಿದರೆ ಅದಕ್ಕೆ ರಕ್ತ ಚೆನ್ನಾಗಿ ಸಿಗುತ್ತದೆ, ಹಾಗಾಗಿ ಬೇಗ ಕೂಡುತ್ತದೆ. ಆದರೆ ಅದಕ್ಕೂ ಡಾಕ್ಟರ್ ಹತ್ತಿರವೇ ಹೋಗಬೇಕು. ದಬ್ಬೆ ಬಿಗಿಯಾಗಿ ಕಟ್ಟಿ ಬೆರಳಿಗೆ ರಕ್ತ ಹೋಗದೆ ಕೈಯನ್ನೇ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಇವರ ಎಲುಬಿನ ಮಾತು ಇನ್ನೂ ಬೇರೆ. ದಯವಿಟ್ಟು ಪ್ಲಾಸ್ಟರ್ ತೆಗೆಸುವ ಮಾತು ಯಾರೂ ಹೇಳಬೇಡಿ.

ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಹೆಬ್ಬೆರಳ ಕಡೆ ಇರುವ, ಗೋಡಂಬಿಯಷ್ಟು ದೊಡ್ಡ, ದೋಣಿಯ ಹಾಗೆ ಬಾಗಿದ ಎಲುಬೇ ಸ್ಕ್ಯಾಫಾಯ್ಡ್. ಹೆಬ್ಬೆರಳನ್ನು ಮೇಲಕ್ಕೆ ಚಾಚಿ ನೋಡಿ, ಬುಡದಲ್ಲಿ ಎರಡು ಹುರಿಯ ನಡುವೆ ಒಂದು ಸಣ್ಣ ಕುಳಿ ಬೀಳುತ್ತದೆ. ಕೈ ಚಾಚಿ ಬಿದ್ದವರಿಗೆ ಆ ಕುಳಿಯಲ್ಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಎಲುಬು ಮುರಿದಿದೆ ಅಂತಲೇ ಎಣಿಸಿ ಮಣಿಕಟ್ಟು ಅಲುಗದಂತೆ ಪ್ಲಾಸ್ಟರ್ ಇಲ್ಲವೇ ಸ್ಪ್ಲಿಂಟ್ ಹಾಕಿ, 10ರಿಂದ 14 ದಿನಕ್ಕೆ ಮತ್ತೆ ಎಕ್ಸ್‌ರೇ ತೆಗೆಯುವುದು ಪದ್ಧತಿ. ಬೇಗ ತಿಳಿಯಬೇಕಿದ್ದರೆ ಎಂಆರ್‌ಐ. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಸೀಳು ಕಾಣದೇ ಹೋಗುವುದು ಸಾಮಾನ್ಯ. ಈ ಚರ್ಚೆ ಓದುವ ಸೈಕಲ್ಲಿನವರು, ಕ್ರಿಕೆಟ್ಟಿನವರು, ಕಬಡ್ಡಿಯವರು ಆ ಕುಳಿಯ ಗುರುತು ಒಂದನ್ನಾದರೂ ನೆನಪಿಟ್ಟುಕೊಳ್ಳಿ.

ಯಾಕೆ ಇಷ್ಟು ವಾರ ಅಂದರೆ, ಈ ಎಲುಬಿಗೆ ರಕ್ತ ಬರುವ ಹಾದಿ ತಲೆಕೆಳಗು. ಬೆರಳ ಕಡೆಯ ತುದಿಯಿಂದ ಒಳಹೊಕ್ಕು ತೋಳಿನ ಕಡೆಗೆ ಹರಿಯುತ್ತದೆ. ನಡುವಿನಲ್ಲಿ ಸೀಳಿದರೆ ಒಳಗಿನ ತುಂಡಿಗೆ ರಕ್ತ ಕಡಿಮೆ ಆಗುತ್ತದೆ. ಅದಕ್ಕೇ ನಿಧಾನ. ಹೊಲದ ಕಾಲುವೆ ನಡುವೆ ಒಡೆದರೆ ಕೊನೆಯ ಮಡಿಗೆ ನೀರು ಹೋಗುವುದಿಲ್ಲವಲ್ಲ, ಹಾಗೆ. ಜರುಗಿದ್ದರೆ ಅಥವಾ ತೀರಾ ಒಳತುದಿಯಲ್ಲಿ ಮುರಿದಿದ್ದರೆ ಸಾಮಾನ್ಯವಾಗಿ ಸ್ಕ್ರೂ ಹಾಕುತ್ತಾರೆ. ಸವಾರರೇ, ನಿಮ್ಮದು ಜರುಗಿಲ್ಲ, ಅದು ಒಳ್ಳೆಯದೇ ಆಯಿತು.

ಮೌಸ್ ಬಗ್ಗೆ ಕೇಳಿದ್ದಿರಿ. ಬೆರಳು ಆಡಿಸಬೇಕು, ಆಡಿಸದಿದ್ದರೆ ಬಿರುಸಾಗುತ್ತವೆ. ತಾಸಿಗೊಮ್ಮೆ ನಾಲ್ಕೂ ಬೆರಳು ಮಡಚಿ ಬಿಡಿಸಿ, ಮೊಣಕೈ, ಭುಜವನ್ನೂ ಎತ್ತಿ ಇಳಿಸಿ. ಆ ಬೆರಳುಗಳಿಂದ ಒಂದೆರಡು ಕೀಲಿ ಹಗುರಾಗಿ ಒತ್ತಿದರೆ ತಪ್ಪಿಲ್ಲ. ಆದರೆ ಮೌಸ್ ಹಿಡಿಯುವಾಗ ಹೆಬ್ಬೆರಳು ಚಿವುಟಿದ ಹಾಗೆ ಒತ್ತುತ್ತದೆ, ಆ ಒತ್ತಡ ನೇರ ಸ್ಕ್ಯಾಫಾಯ್ಡ್ ಮೇಲೆ ಬೀಳುತ್ತದೆ. ಬೇಡ. ಅಕ್ಕ ಹೇಳಿದಂತೆ ಎಡಕ್ಕೇ ಇಡಿ. ಎಡಗೈ ಒಂದರ ಮೇಲೇ ಭಾರ ಬೀಳುವುದರಿಂದ ಕುರ್ಚಿ ಸ್ವಲ್ಪ ಎತ್ತರಿಸಿಕೊಳ್ಳಿ, ಅರ್ಧ ತಾಸಿಗೊಮ್ಮೆ ಏಳಿ. ಬಲಗೈಯನ್ನು ಇಡೀ ದಿನ ಕೊರಳಿಗೆ ತೂಗಬೇಡಿ, ಕುತ್ತಿಗೆ ಹಿಡಿಯುತ್ತದೆ. ಮೇಜಿನ ಮೇಲೆ ದಿಂಬಿಟ್ಟು ಎದೆಯ ಎತ್ತರಕ್ಕೆ ಇಡಿ.

ಪ್ಲಾಸ್ಟರ್ ಒಳಗೆ ತುರಿಕೆ ಬಂದರೆ ಕಡ್ಡಿ, ಸ್ಕೇಲ್ ತೂರಿಸಬೇಡಿ, ಒಳಗೆ ಗಾಯವಾದರೆ ಕಾಣುವುದೇ ಇಲ್ಲ. ಬೆರಳು ಜೋಮು ಹಿಡಿದರೆ, ನೀಲಿ ಆದರೆ, ಮಾತ್ರೆಗೂ ಬಗ್ಗದ ನೋವು ಬಂದರೆ ಮರುದಿನದ ತನಕ ಕಾಯದೆ ಆಗಲೇ ಓಡಿ. ಬೀಡಿ, ಸಿಗರೇಟು, ತಂಬಾಕು, ಗುಟಕಾ ಏನಾದರೂ ಇದ್ದರೆ ಈ ಮೂರು ತಿಂಗಳಾದರೂ ಪೂರ್ತಿ ಬಿಡಿ. ನಿಕೋಟಿನ್ ರಕ್ತನಾಳವನ್ನು ಕಿರಿದು ಮಾಡುತ್ತದೆ, ಮೊದಲೇ ರಕ್ತ ಕಡಿಮೆ ಇರುವ ಎಲುಬಿದು.

ಟ್ರೇನರ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಕಾಲಿಗೆ ಏನೂ ಆಗಿಲ್ಲ, ನೆಟ್ಟಗೆ ಕೂತು ಕೈ ಊರದೆ ತುಳಿಯಬಹುದು. ಆದರೆ ಬೆವರು ಪ್ಲಾಸ್ಟರ್ ಒಳಗೆ ಇಳಿದರೆ ಚರ್ಮ ಕೆಡುತ್ತದೆ. ಹಾಗಾಗಿ ಫ್ಯಾನ್ ಹಚ್ಚಿ, 20 ನಿಮಿಷ, ಹಗುರಾಗಿ. ಹತ್ತಿ ಇಳಿಯುವಾಗ ಯಾರಾದರೂ ಹತ್ತಿರ ಇರಲಿ.

ಟಿಳಕವಾಡಿ ಶಟಲ್, ಬೆಳಗಾವಿ

ನಾನು ಬರೆಯಬಾರದು ಅಂತಿದ್ದೆ, ಆದರೆ ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನನ್ನದೂ ಇದೇ ಎಲುಬು. ಬ್ಯಾಡ್ಮಿಂಟನ್ ಆಡುವಾಗ ಹಿಂದಕ್ಕೆ ಓಡಿ ಜಾರಿ ಬಿದ್ದೆ. ಆಗ ನನಗೆ 26. ಬಾವು ಜಾಸ್ತಿ ಇರಲಿಲ್ಲ, ಎಕ್ಸ್‌ರೇ ಕೂಡ ಮಾಡಿಸಲಿಲ್ಲ. ಪಟ್ಟಿ ಸುತ್ತಿಕೊಂಡು ಎರಡು ವಾರಕ್ಕೆ ಮತ್ತೆ ಆಡಿದೆ. ಸ್ಮ್ಯಾಷ್ ಹೊಡೆದರೆ ನೋವು, ಬಿಟ್ಟರೆ ಕಡಿಮೆ, ಹೀಗೇ ಒಂದೂವರೆ ವರ್ಷ ಕಳೆದೆ. ನಾನೂ ಕಂಪ್ಯೂಟರ್ ಕೆಲಸದವನೇ, ಸಂಜೆ ಹೊತ್ತಿಗೆ ಕೈ ಸೋಲುತ್ತಿತ್ತು, ಮೌಸ್‌ನಿಂದ ಆಗಿದ್ದು ಅಂತ ತಿಳಿದುಕೊಂಡೆ. ಮೌಸ್ ಬದಲಿಸಿದೆ, ಮೆತ್ತಗಿನ ಪ್ಯಾಡ್ ತಂದೆ, ಏನೇನೋ ಮಾಡಿದೆ.

ಕಡೆಗೆ ಸಿಟಿ ಸ್ಕ್ಯಾನ್‌ನಲ್ಲಿ ಎಲುಬು ಕೂಡಿಯೇ ಇಲ್ಲ ಅಂತ ಗೊತ್ತಾಯಿತು. ಎರಡು ತುಂಡು ಒಂದಕ್ಕೊಂದು ಉಜ್ಜುತ್ತಿದ್ದವು. ಸೊಂಟದ ಎಲುಬಿನಿಂದ ಚೂರು ತೆಗೆದು ನಡುವೆ ತುಂಬಿ ಸ್ಕ್ರೂ ಹಾಕಿದರು. ಮಣಿಕಟ್ಟಿಗಿಂತ ಸೊಂಟದ ನೋವೇ ಹೆಚ್ಚು ದಿನ ಕಾಡಿತು. ಈಗ ಕೂಡಿದೆ, ಆಡುತ್ತೇನೆ, ಆದರೆ ಕೈ ಮೊದಲಿನಷ್ಟು ಹಿಂದಕ್ಕೆ ಬಾಗುವುದಿಲ್ಲ. ದಂಡ ಹೊಡೆಯಲು ಬರುವುದಿಲ್ಲ, ಮುಷ್ಟಿ ಊರಿ ಮಾಡುತ್ತೇನೆ.

ಸವಾರ ಅವರೇ, ನೀವು 16 ದಿನಕ್ಕೆ ಎರಡನೇ ಡಾಕ್ಟರ್ ಹತ್ತಿರ ಹೋದಿರಿ. ಅದೇ ನಿಮ್ಮನ್ನು ಉಳಿಸುವುದು. 12 ವಾರ ಉದ್ದ ಅಂತ ಅನಿಸುತ್ತದೆ ಈಗ. ನನಗೆ ಎರಡು ವರ್ಷ ಹೋಯಿತು. ಒಂದು ಮಾತು, ಪ್ಲಾಸ್ಟರ್ ತೆಗೆಯುವ ಮುಂಚೆ ಕೂಡಿದೆಯೋ ಇಲ್ಲವೋ ಸಿಟಿ ಮಾಡಿಸಿ ನೋಡೋಣವಾ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಎಕ್ಸ್‌ರೇಯಲ್ಲಿ ಕೂಡಿದ ಹಾಗೆ ಕಂಡು ಕೂಡದೇ ಇರುವುದೂ ಉಂಟು.

ಹಳೇ ಚಕ್ರ, ಜಮಖಂಡಿ

ತಮ್ಮಾ, ಕೈ ವಿಷಯ ಬಲ್ಲವರು ಹೇಳಿದ್ದಾರೆ. ನಾನು ಸೈಕಲ್ ಮಾತಾಡುತ್ತೇನೆ. 30 ವರ್ಷದಿಂದ ಈ ರಸ್ತೆಗಳಲ್ಲೇ ತುಳಿಯುತ್ತಿದ್ದೇನೆ, ಎರಡು ಸಲ ಕಾಲರ್ ಎಲುಬು ಮುರಿದುಕೊಂಡಿದ್ದೇನೆ.

ನಮ್ಮ ಕಡೆ ರಸ್ತೆಗೆ ಋತುಮಾನ ಇದೆ. ಅಕ್ಟೋಬರ್ ಕೊನೆಯಿಂದ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್, ಹಿಂದೆ ದೀಪ ಇರುವುದಿಲ್ಲ, ತಿರುವಿನಲ್ಲಿ ಕಬ್ಬು ಉದುರಿ ಬಿದ್ದಿರುತ್ತದೆ. ಡಿಸೆಂಬರ್ ಜನವರಿಗೆ ತೊಗರಿ. ಆಮೇಲೆ ಜೋಳ, ಕಡಲೆ. ಗೋಧಿ ಬಣ್ಣಕ್ಕೆ ರಸ್ತೆ ಕಂಡರೆ ದೂರದಿಂದಲೇ ವೇಗ ಇಳಿಸಬೇಕು. ಬ್ರೇಕ್ ಹಿಡಿಯುವುದೆಲ್ಲ ಡಾಂಬರ್ ಮೇಲೆಯೇ ಮುಗಿಯಬೇಕು. ಹೊಟ್ಟು ಕಟ್ಟಿಗೆ ಮೇಲೆ ಹತ್ತಿದ ಮೇಲೆ ಬ್ರೇಕ್ ಮುಟ್ಟಬಾರದು, ಹ್ಯಾಂಡಲ್ ತಿರುಗಿಸಬಾರದು, ತುಳಿಯುವುದು ನಿಲ್ಲಿಸಿ ಮೈ ಸಡಿಲ ಬಿಟ್ಟು ನೆಟ್ಟಗೆ ದಾಟಬೇಕು. ಜಾಸ್ತಿ ದಪ್ಪ ಹಾಸಿದ್ದರೆ ಇಳಿದು ನಡೆ. ಎರಡು ನಿಮಿಷ ಹೋಗುತ್ತದೆ, ಅಷ್ಟೇ ಅಲ್ವಾ.

ಬೀಳುವಾಗ ಕೈ ಚಾಚುವುದು ಮನುಷ್ಯನ ಸ್ವಭಾವ, ಅದನ್ನು ಬಿಡಿಸುವುದು ಸುಲಭ ಅಲ್ಲ. ಚಂದರಗಿ ಕ್ರೀಡಾ ಶಾಲೆಯಲ್ಲಿ ಕಲಿತ ಹುಡುಗ ಒಬ್ಬ ನನಗೆ ಹೇಳಿದ್ದ, ಹ್ಯಾಂಡಲ್ ಬಿಡಬೇಡಿ, ಸೈಕಲ್ ಜೊತೆಗೇ ಪಕ್ಕಕ್ಕೆ ಮಲಗಿ ಅಂತ. ಹುಲ್ಲಿನ ಮೇಲೆ ನಿಧಾನವಾಗಿ ಬಿದ್ದು ಬಿದ್ದು ರೂಢಿ ಮಾಡುತ್ತಾರಂತೆ. ಸಣ್ಣ ವಯಸ್ಸಿಗೆ ಅದು ಬರುತ್ತದೆ.

ನಿನ್ನ ಹೆಲ್ಮೆಟ್ ಒಮ್ಮೆ ನೋಡು. ನೆಲಕ್ಕೆ ಬಡಿದಿದ್ದರೆ, ಹೊರಗೆ ಏನೂ ಕಾಣದಿದ್ದರೂ, ಬದಲಿಸು. ಒಳಗಿನ ಥರ್ಮಾಕೋಲ್ ಒಮ್ಮೆ ಒತ್ತಿದರೆ ಎರಡನೇ ಸಲ ಕಾಯುವುದಿಲ್ಲ. ಮುಂದಿನ ಫೋರ್ಕ್, ಹ್ಯಾಂಡಲ್ ಸೊಟ್ಟ ಆಗಿದೆಯಾ ಅಂತ ಅಂಗಡಿಯಲ್ಲಿ ತೋರಿಸು. ಟೈರ್ ಯಾವುದು? ಅಗಲ 23 ಅಥವಾ 25 ಮಿಲಿಮೀಟರ್ ಇದ್ದರೆ 28ರದ್ದು ಹಾಕು, ಗಾಳಿ ಸ್ವಲ್ಪ ಕಡಿಮೆ ಹೊಡೆ. ಕುಲುಕು ಕೈಗೆ ಕಡಿಮೆ ಬರುತ್ತದೆ, ಮುಂದೆ ನಿನಗೆ ಅದು ಬಹಳ ಬೇಕಾಗುತ್ತದೆ. ಸೀಟ್ ಮುಂದಕ್ಕೆ ಬಾಗಿದ್ದರೆ ಸಮ ಮಾಡು, ಹ್ಯಾಂಡಲ್ ಎತ್ತರಿಸು. ಬಾಗಿದ ಸೀಟು ಮೈಭಾರವನ್ನೆಲ್ಲ ಅಂಗೈಗೆ ದೂಡುತ್ತದೆ.

ಬ್ರೆವೆ ಈ ವರ್ಷ ಬಿಟ್ಟುಬಿಡು. ಮುಂದಿನ ಚಳಿಗಾಲಕ್ಕೆ ನಾನೇ ಜೊತೆಗೆ ಬರುತ್ತೇನೆ.

ಗುಮ್ಮಟದೂರ ಸವಾರ, ವಿಜಯಪುರ

ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಅಕ್ಕಾ, ಸ್ಟಿಕಿ ಕೀಸ್ ಹಾಕಿದೆ, ಆ ಟಿಕ್ ಕೂಡ ತೆಗೆದೆ. ನಿನ್ನೆ ಒಂದು ಪುಟದ ನೋಟಿಸ್ 40 ನಿಮಿಷಕ್ಕೆ ಮುಗಿಸಿದೆ. ಮೊದಲು ಹತ್ತು ನಿಮಿಷದ ಕೆಲಸ ಅದು, ಆದರೂ ಮುಗಿಯಿತಲ್ಲ ಅಂತ ಖುಷಿ ಆಯಿತು. ನಂಬರ್ ಪ್ಯಾಡ್ ತಂದಿದ್ದೇನೆ. ಸಹಿಯ ಅರ್ಜಿ ಕೊಟ್ಟೆ. ಕಾರ್ಯದರ್ಶಿಯವರು ಓದಿ, ಇದು ನಮಗೇ ಹೊಳೆಯಬೇಕಿತ್ತು ಅಂದರು. ಸಂಜೆ ಒಂದು ತಾಸು ಕೈಜೋಡಿಸಲು ಒಬ್ಬ ಹುಡುಗನನ್ನೂ ಕೊಟ್ಟಿದ್ದಾರೆ. ನಾನು ಕೇಳದೇ ಇದ್ದದ್ದೇ ತಪ್ಪು.

ಶಟಲ್ ಅವರೇ, ನಿಮ್ಮ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಟ್ರೇನರ್ ಸದ್ಯಕ್ಕೆ ಬೇಡ ಅಂತ ನಿರ್ಧಾರ ಮಾಡಿದೆ. ಸಂಜೆ ಬಾರಾ ಕಮಾನ್ ತನಕ ನಡೆದು ಬರುತ್ತೇನೆ. ಫಿಸಿಯೋ ಸರ್, ತಂಬಾಕು ನನಗೆ ಇತ್ತು. ಮನೆಯಲ್ಲಿ ಗೊತ್ತಿಲ್ಲ. ಬಿಟ್ಟು ಐದು ದಿನ ಆಯಿತು.

ಎರಿಹೊಲ, ಬಸವನ ಬಾಗೇವಾಡಿ

ಅಣ್ಣಾ, ನನಗೆ ಗೊತ್ತಿರಲಿಲ್ಲ. ಫಿಸಿಯೋ ಸರ್ ಬಿಡಿಸಿ ಹೇಳಿದ ಮೇಲೆ ನಮ್ಮ ಮನೆಯವರಿಗೂ ಓದಿ ಹೇಳಿದೆ. ನಾನು ಹೇಳಿದ್ದನ್ನು ಮಾಡಬೇಡಿ. ಬೇಗ ಗುಣ ಆಗಲಿ.

ಗುಮ್ಮಟದೂರ ಸವಾರ, ವಿಜಯಪುರ

ಏಪ್ರಿಲ್ ಎರಡನೇ ವಾರ. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ, ಈ ಸಲ ಎರಡೂ ಕೈಯಲ್ಲಿ.

10 ವಾರಕ್ಕೆ ಪ್ಲಾಸ್ಟರ್ ತೆಗೆದರು. ಸಿಟಿ ಮಾಡಿಸೋಣವಾ ಅಂತ ನಾನೇ ಕೇಳಿದೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ನಾನೂ ಅದನ್ನೇ ಬರೆಯುತ್ತಿದ್ದೆ ಅಂದರು. ಎಲುಬು ಕೂಡಿದೆ. ಕೈ ಮಾತ್ರ ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಸಣಕಲು, ಸಿಪ್ಪೆ ಸುಲಿಯುವ ಚರ್ಮ, ಮಣಿಕಟ್ಟು ಬಾಗುವುದೇ ಇಲ್ಲ. ಬಿಸಿ ನೀರಿನಲ್ಲಿ ಕೈ ಇಟ್ಟು ಮೆಲ್ಲಗೆ ಬಾಗಿಸುವುದು, ಒದ್ದೆ ಟವೆಲ್ ಹಿಂಡುವುದು ದಿನಕ್ಕೆ ಮೂರು ಸಲ ಮಾಡುತ್ತಿದ್ದೇನೆ. ಅವ್ವ ಜೋಳದ ಹಿಟ್ಟಿಗೆ ಬಿಸಿ ನೀರು ಹಾಕಿ ನನ್ನ ಮುಂದೆ ಇಡುತ್ತಾಳೆ, ನಾದು ಅಂತ. ಫಿಸಿಯೋ ಸರ್, ಇದು ಸರಿಯಾ?

ಮಾರ್ಚ್ ಲೆಕ್ಕ 31ರ ರಾತ್ರಿ ಒಂಬತ್ತಕ್ಕೆ ತಾಳೆ ಆಯಿತು. ನಂಬರ್ ಪ್ಯಾಡ್ ಎಡಗಡೆಯೇ ಉಳಿದಿದೆ. ಎಡಗೈ ಅಂಕಿ ಹೊಡೆಯುತ್ತದೆ, ಬಲಗೈ ಕಾಗದ ತಿರುವುತ್ತದೆ, ಮೊದಲಿಗಿಂತ ಬೇಗ ಆಗುತ್ತಿದೆ ಅಕ್ಕಾ.

ಹೋದ ರವಿವಾರ ಗೆಳೆಯನ ಬೈಕ್ ಹಿಂದೆ ಕೂತು ಬಬಲೇಶ್ವರ ರಸ್ತೆಯ ಆ ಹೊಲಕ್ಕೆ ಹೋಗಿದ್ದೆ. ಅವರು ಗುರುತು ಹಿಡಿದರು, ಮೊದಲು ಕೈ ನೋಡಿದರು. ರಾಶಿ ಮಾಡುವ ಬಾಡಿಗೆ ಮಷೀನ್‌ಗೆ ದುಡ್ಡು ಹೊಂದದ ವರ್ಷ ಮಾತ್ರ ರಸ್ತೆಗೆ ಹಾಕುತ್ತೇವೆ ಅಂದರು. ಮುಂದಿನ ಸಲ ಒಂದು ಬದಿ ಖಾಲಿ ಬಿಡುತ್ತೇವೆ ಅಂತಲೂ ಹೇಳಿದರು. ಎರಡು ಸೇರು ತೊಗರಿ ಬೇಳೆ ಕಟ್ಟಿಕೊಟ್ಟರು, ಬೇಡ ಅಂದರೂ ಬಿಡಲಿಲ್ಲ.

ನವನಗರ ಫಿಸಿಯೋ, ಬಾಗಲಕೋಟೆ

ಬಹಳ ಸಂತೋಷ. ಹಿಟ್ಟು ನಾದುವುದು ಒಳ್ಳೆಯ ವ್ಯಾಯಾಮ, ಮೊದಲು ಮೆತ್ತಗೆ ಕಲಸಿದ ಹಿಟ್ಟು, ಬೆರಳಿನಿಂದ ಹಿಸುಕುವುದು ಮಾತ್ರ. ಅಂಗೈ ಬುಡ ಊರಿ ಒತ್ತುವುದು ಇನ್ನೂ ಎರಡು ಮೂರು ವಾರ ಬೇಡ. ರೊಟ್ಟಿ ಬಡಿಯುವುದು ಎಲ್ಲಕ್ಕಿಂತ ಕೊನೆಗೆ. ಟ್ರೇನರ್ ಈಗ ಶುರು ಮಾಡಬಹುದು. ರಸ್ತೆಗೆ ಇಳಿಯಲು ಡಾಕ್ಟರ್ ಒಪ್ಪಿಗೆ ಬೇಕು, ಜೊತೆಗೆ ನೀವೇ ನೋಡಿಕೊಳ್ಳಲು ಎರಡು ಗುರುತು: ಗೋಡೆಗೆ ಅಂಗೈ ಊರಿ ಮೈಭಾರ ಹಾಕಿದರೆ ನೋಯಬಾರದು, ಎರಡೂ ಬ್ರೇಕನ್ನು ಒಂದೇ ಬಿಗಿಯಲ್ಲಿ ಹಿಡಿಯಲು ಬರಬೇಕು. ತಂಬಾಕು ಏನಾಯಿತು?

ಗುಮ್ಮಟದೂರ ಸವಾರ, ವಿಜಯಪುರ

ಬಿಟ್ಟೇ ಇದ್ದೇನೆ ಸರ್. ಮನೆಯಲ್ಲಿ ಹೇಳಿದೆ, ಅವ್ವನಿಗೆ ಮೊದಲೇ ಗೊತ್ತಿತ್ತಂತೆ.

ಹಳೇ ಚಕ್ರ ಅಣ್ಣಾ, ಹೆಲ್ಮೆಟ್ ಹೊಸದು ತಂದೆ. ಈಗ 25ರ ಟೈರ್ ಇದೆ. ನನ್ನ ಫ್ರೇಮಿನಲ್ಲಿ 28 ಹಿಡಿಯುತ್ತದೋ ಇಲ್ಲವೋ ಹೇಗೆ ನೋಡುವುದು?

ಹಳೇ ಚಕ್ರ, ಜಮಖಂಡಿ

ಈಗಿರುವ ಟೈರಿಗೆ ಪೂರ್ತಿ ಗಾಳಿ ಹೊಡೆದು, ಎರಡೂ ಪಕ್ಕ ಮತ್ತು ಬ್ರೇಕ್ ಕೆಳಗೆ ಎಷ್ಟು ಸಂದಿದೆ ಅಳೆ. 28 ಹಾಕಿದರೆ ಪಕ್ಕಕ್ಕೆ ಒಂದೂವರೆ, ಮೇಲಕ್ಕೆ ಮೂರು ಮಿಲಿಮೀಟರ್ ತಿನ್ನುತ್ತದೆ ಅಂತ ಹಿಡಿ. ಅಷ್ಟು ಕಳೆದ ಮೇಲೂ ಎಲ್ಲ ಕಡೆ ಕನಿಷ್ಠ 4 ಮಿಲಿಮೀಟರ್ ಉಳಿಯಬೇಕು. ಹಿಂದಿನ ಗಾಲಿಯಲ್ಲಿ ಪೆಡಲ್ ಹತ್ತಿರದ ಕೊಳವೆಗಳ ನಡುವೆ ಇಕ್ಕಟ್ಟು ಜಾಸ್ತಿ, ಅಲ್ಲಿ ತಪ್ಪದೆ ನೋಡು. ಬೇರೆ ಊರಿನವರಿಗೆ 4 ಸಾಕು, ನಮಗೆ 6 ಇದ್ದರೆ ಚೆಂದ. ಮಳೆಗಾಲದಲ್ಲಿ ಎರಿ ಮಣ್ಣು ಮೆತ್ತಿಕೊಂಡರೆ ಗಾಲಿಯೇ ತಿರುಗುವುದಿಲ್ಲ. ಅಳತೆ ಬರೆದು ಇಲ್ಲೇ ಹಾಕು, ನೋಡಿ ಹೇಳುತ್ತೇನೆ.